ಬಫರ್ ದಿನ

"ನಂಗೆಂತದೂ ಇಲ್ಲ ಮಾರಾಯ್ತಿ. ನಿಮ್ದೆಲ್ಲ ಮುಗಿದ ಮೇಲೆ ಟೈಮ್ ಇದ್ರೆ, ಆ ಬೇಲೂರು ಮಠ ಒಂದು ನೋಡ್ಕಂಡು ಬರಾಣ."

ಇಷ್ಟು ಹೇಳಿ ಅಮ್ಮ ಮತ್ತೆ ಬೆಳ್ಳುಳ್ಳಿ ಸುಲಿಯಲು ಕೂತಳು. ಮಾರ್ಚ್ ತಿಂಗಳ ಒಂದು ಭಾನುವಾರ, ಅಮ್ಮ ಬೆಂಗಳೂರಿಗೆ ನಮ್ಮಲ್ಲಿಗೆ ಬಂದಿದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ನಾನು ಮೇ ತಿಂಗಳ ಪ್ರವಾಸಕ್ಕೆ ಒಬ್ಬೊಬ್ಬರ ಬೇಡಿಕೆಯನ್ನೂ ಎಕ್ಸೆಲ್ ಹಾಳೆಗೆ ತುಂಬುತ್ತಿದ್ದೆ. ಮಗನಿಗೆ ಡಾರ್ಜಿಲಿಂಗಿನ ಟಾಯ್ ಟ್ರೈನು. ಇವರಿಗೆ ಕಾಂಚನಜುಂಗಾ, ಅದೊಂದು ಕಂಡರೆ ಬೇರೇನೂ ಬೇಡವಂತೆ. ನನಗೆ ಏನೇನೋ. ಎಲ್ಲರಿಗೂ ಒಂದೊಂದು ಬಣ್ಣ ಕೊಟ್ಟಿದ್ದೆ. ಅಮ್ಮನ ಒಂದೇ ಒಂದು ಸಾಲಿಗೆ ಬಣ್ಣ ಉಳಿದಿರಲಿಲ್ಲವೋ, ನಾನು ಹುಡುಕಲಿಲ್ಲವೋ, ಅದು ಬಿಳಿಯಾಗಿಯೇ ಇತ್ತು.

ಹತ್ತನೇ ದಿನದ ತಲೆಯ ಮೇಲೆ ‘ಕೋಲ್ಕತ್ತ – ಬಫರ್’ ಎಂದು ಬರೆದಿದ್ದೆ. ಬಫರ್ ಎನ್ನುವುದು ಇವರ ಆಫೀಸಿನಿಂದ ನಮ್ಮ ಮನೆಗೆ ಬಂದ ಪದ. ಸಿಕ್ಕಿಂ ರಸ್ತೆ ತೀಸ್ತಾ ನದಿಯ ಪಕ್ಕದಲ್ಲೇ ಹತ್ತುತ್ತದೆ. ಮಳೆ ಬಂದು ಗುಡ್ಡ ಜಾರಿದರೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಬಂದ್. ಹಾಗೇನಾದರೂ ಆಗಿ ವಿಮಾನ ತಪ್ಪದಿರಲಿ ಎಂದು ಕೊನೆಗೊಂದು ದಿನ ಹೆಚ್ಚಿಗೆ ಇಟ್ಟಿದ್ದೆವು. ಗುಡ್ಡ ಜಾರಲಿಲ್ಲ, ದಿನ ಉಳಿಯಿತು. 1911ರವರೆಗೆ ಇಡೀ ಬ್ರಿಟಿಷ್ ಇಂಡಿಯಾದ ರಾಜಧಾನಿಯಾಗಿದ್ದ ಊರು, 2011ರ ಜನಗಣತಿಯಲ್ಲೇ ಸುತ್ತಮುತ್ತಲಿನದೂ ಸೇರಿ 1.4 ಕೋಟಿ ಜನರಿದ್ದ ಊರು, ಹೀಗೆ ನಮ್ಮ ಪಾಲಿಗೆ ಚಿಲ್ಲರೆಯಾಗಿ ಬಂತು.

ಅಮ್ಮ ತೀರ್ಥಹಳ್ಳಿ ಕಡೆಯವಳು. ಅವಳ ಅಪ್ಪ, ನಮ್ಮ ಅಜ್ಜಯ್ಯ, ಪ್ರೈಮರಿ ಶಾಲೆ ಮೇಷ್ಟ್ರು. ಆ ಸೀಮೆಯಲ್ಲಿ ಹುಟ್ಟಿ ಮೇಷ್ಟ್ರಾದವರಿಗೆ ಕುವೆಂಪು ಎಂದರೆ ಅರ್ಧ ದೇವರು, ಅರ್ಧ ನೆಂಟರು. ಕುವೆಂಪು ಕೋಲ್ಕತ್ತದ ಹತ್ತಿರ ಗಂಗೆಯ ದಡದಲ್ಲಿ ವಿವೇಕಾನಂದರು ಕಟ್ಟಿದ ಬೇಲೂರು ಮಠಕ್ಕೆ ಹೋಗಿ, ರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು. ರಾಮಕೃಷ್ಣರದೂ ವಿವೇಕಾನಂದರದೂ ಜೀವನಚರಿತ್ರೆಗಳನ್ನು ಕನ್ನಡದಲ್ಲಿ ಬರೆದವರು. ಆ ಎರಡೂ ಪುಸ್ತಕ ಅಜ್ಜಯ್ಯನ ಮರದ ಪೆಟ್ಟಿಗೆಯಲ್ಲಿದ್ದವು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಸುಲಿಯುವವರಿಗೆ ನಿದ್ದೆ ಬರದಿರಲಿ ಎಂದು, ಗ್ಯಾಸ್‌ಲೈಟಿನ ಕೆಳಗೆ ಕೂತು ಗಟ್ಟಿಯಾಗಿ ಓದುತ್ತಿದ್ದರಂತೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಸಾಲಿನಲ್ಲಿ ಹತ್ತು ವರ್ಷದ ಅಮ್ಮ. ಗಂಗೆಯ ದಡ, ದೋಣಿ, ಸಂಜೆಯ ಆರತಿ ಎಲ್ಲ ಅವಳ ಕಿವಿಗೆ ಬಿದ್ದಿದ್ದು ಅಡಿಕೆಯ ಚೊಗರು ವಾಸನೆಯ ಜೊತೆ. ‘ಗಂಗಾಸ್ನಾನ ತುಂಗಾಪಾನ’ ಎನ್ನುತ್ತಾರಲ್ಲ, ಪಾನದ ವಿಚಾರದಲ್ಲಿ ಅವಳಿಗೆ ಕೊರತೆಯಿರಲಿಲ್ಲ. ಗಂಗೆಯನ್ನು ಮಾತ್ರ 68 ವರ್ಷವಾದರೂ ನೋಡಿರಲಿಲ್ಲ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಳೆಯಲ್ಲಿ ಹೀಗೆ ಬರೆದಿದ್ದೆ: ‘1. ಮ್ಯೂಸಿಯಂ, 2. ವಿಕ್ಟೋರಿಯಾ, 3. ನೀರಡಿ ಮೆಟ್ರೊ, 4. ಬೇಲೂರು ಮಠ – ಟೈಮ್ ಇದ್ದರೆ.’ ಟೈಮ್ ಇದ್ದರೆ ಎನ್ನುವುದು ಅಮ್ಮನ ಸಂಕೋಚ. ನಾನು ಅದನ್ನು ಸೂಚನೆ ಎಂದು ತಿಳಿದು ಟೈಪ್ ಮಾಡಿದ್ದೆ.

ಮೊದಲ ಒಂಬತ್ತು ದಿನದ ಕಥೆ ಇಲ್ಲಿ ಬೇಡ. ಚೆನ್ನಾಗಿತ್ತು. ಮೇ ತಿಂಗಳ ಮಂಜಿನಲ್ಲಿ ಕಾಂಚನಜುಂಗಾ ಒಂದೇ ಒಂದು ಬೆಳಿಗ್ಗೆ, ಪೆಲ್ಲಿಂಗಿನ ಹೋಟೆಲಿನ ತಾರಸಿಯಿಂದ, ಹದಿನೈದು ನಿಮಿಷ ಕಂಡಿತು. ಇವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕಣ್ಣು ತುಂಬಿಕೊಂಡರು. ಘುಮ್ ಸ್ಟೇಷನ್ನಿನಲ್ಲಿ ಮಗ ಟಾಯ್ ಟ್ರೈನಿನ ಮಸಿ ಮುಖಕ್ಕೆ ಬಳಿದುಕೊಂಡ. ಚೀನಾ ಗಡಿಯ ನಾಥುಲಾ ಕಣಿವೆಗೆ ಸೋಮವಾರ, ಮಂಗಳವಾರ ಬಿಡುವುದಿಲ್ಲ, ಹಾಗಾಗಿ ಇಡೀ ಸಿಕ್ಕಿಂ ಭಾಗವನ್ನು ಆ ಎರಡು ದಿನಗಳ ಸುತ್ತ ಹೆಣೆದಿದ್ದೆ. ಗ್ಯಾಂಗ್ಟಾಕಿನ ಟ್ಯಾಕ್ಸಿಯವನು ಕೂಡ ಮೆಚ್ಚಿಕೊಂಡಿದ್ದ. ಈ ಮೆಚ್ಚುಗೆಯನ್ನು ನೆನಪಿಟ್ಟುಕೊಳ್ಳಿ.

ನ್ಯೂ ಜಲ್ಪಾಯ್‌ಗುಡಿಯಿಂದ ಹತ್ತಿದ ರಾತ್ರಿ ರೈಲು ಸೋಮವಾರ ಬೆಳಿಗ್ಗೆ ಎರಡು ಗಂಟೆ ತಡವಾಗಿ ಕೋಲ್ಕತ್ತದ ಶಿಯಾಲ್ದಾ ಸ್ಟೇಷನ್ ತಲುಪಿತು. ಎಂಟೂಕಾಲು. ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಕೂಡಲೇ ಯಾರೋ ಬಿಸಿ ಒದ್ದೆ ಟವೆಲ್ಲು ಮುಖಕ್ಕೆ ಒತ್ತಿ ಹಿಡಿದಂತಾಯಿತು. ಹಿಂದಿನ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡಿದ್ದವರು ನಾವು. ಅಕ್ಕಪಕ್ಕದ ಪ್ಲಾಟ್‌ಫಾರ್ಮುಗಳಿಗೆ ಲೋಕಲ್ ರೈಲುಗಳು ಬಂದು ನಿಂತು, ಒಂದೊಂದೂ ಒಂದೊಂದು ಸಂತೆಯನ್ನೇ ಹೊರಗೆ ಸುರಿಯುತ್ತಿತ್ತು. ಮೀನಿನ ಬುಟ್ಟಿ, ಛಾನಾ (ಒಡೆದ ಹಾಲಿನ ಗಿಣ್ಣು) ತುಂಬಿದ ಬಟ್ಟೆಗಂಟು, ಆಫೀಸ್ ಬ್ಯಾಗು, ಸೈಕಲ್ ಟಯರು.

ಜನಸಂದಣಿ ನಮಗೆ ಹೊಸದಲ್ಲ. ಆದರೆ ಬೆಂಗಳೂರಿನ ಜನಸಂದಣಿ ಕೂತಿರುತ್ತದೆ: ಕಾರಿನೊಳಗೆ, ಬಸ್ಸಿನೊಳಗೆ, ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೆ. ಇಲ್ಲಿಯದು ನಡೆಯುತ್ತದೆ. ಅದಕ್ಕೊಂದು ವೇಗವಿದೆ, ಗೊತ್ತಿರುವ ದಾರಿಯಿದೆ, ಮೈಗೆ ಮೈ ತಾಗುವ ಸಲಿಗೆಯಿದೆ. ನಾಲ್ಕು ಸೂಟ್‌ಕೇಸು ಎಳೆದುಕೊಂಡು ಅದರ ನಡುವೆ ನಿಂತರೆ ನೀವು ಹೊಳೆಯ ನಡುವಿನ ಬಂಡೆ. ಯಾರೂ ಬೈಯುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ. ಅಮ್ಮ ನನ್ನ ದುಪಟ್ಟಾದ ತುದಿ ಹಿಡಿದುಕೊಂಡಿದ್ದಳು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನಾನು ಅವಳ ಸೆರಗು ಹಿಡಿದುಕೊಳ್ಳುತ್ತಿದ್ದ ಹಾಗೆ.

ಹಳದಿ ಅಂಬಾಸಿಡರ್ ಟ್ಯಾಕ್ಸಿ ಸಿಕ್ಕಿದ್ದೇ ಬೆಳಗಿನ ಒಂದು ಸಂತೋಷ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಹದಿನೈದು ವರ್ಷವಾದ ಟ್ಯಾಕ್ಸಿಗಳನ್ನು ರಸ್ತೆಯಿಂದ ತೆಗೆಯುತ್ತಲೂ ಇದ್ದಾರೆ. ಇನ್ನು ಕೆಲವೇ ದಿನ. ಹಿಂದಿನ ಸೀಟು ನಮ್ಮ ಮನೆಯ ದಿವಾನದಷ್ಟು ಅಗಲವಿತ್ತು. ಕಿಟಕಿಯ ಗಾಜು ಮಾತ್ರ ಇಳಿಯಲಿಲ್ಲ.

ಎಸ್‌ಪ್ಲನೇಡ್ ಹತ್ತಿರ ಸ್ನಾನಕ್ಕೂ ಸಾಮಾನು ಇಡಲಿಕ್ಕೂ ಎಂದು ಒಂದು ದಿನದ ಮಟ್ಟಿಗೆ ರೂಮು ಹಿಡಿದಿದ್ದೆವು. ನಾಲ್ವರಿಗೂ ಸ್ನಾನವಾಗಿ, ಒಬ್ಬರ ಟವೆಲ್ಲಿಗೆ ಇನ್ನೊಬ್ಬರು ಜಗಳವಾಡಿ, ಹೊರಬೀಳುವಾಗ ಹತ್ತು ಗಂಟೆ. ಸ್ನಾನ ಮಾಡಿದ ಮೈ ಮೆಟ್ಟಿಲಿಳಿಯುವಷ್ಟರಲ್ಲೇ ಮತ್ತೆ ಅಂಟು.

ಮೊದಲು ಮ್ಯೂಸಿಯಂ, ಅದು ನನ್ನದು. ಈಗ ಬ್ಯಾಂಕಿನಲ್ಲಿ ಸಾಲದ ಫೈಲು ತಿರುವುವವಳಾದರೂ ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಕಾಲೇಜಿನ ಪುಸ್ತಕದಲ್ಲಿ ಭಾರ್ಹುತ್ ಸ್ತೂಪದ ಕಲ್ಲಿನ ಕಟಕಟೆಯದೊಂದು ಮಸುಕು ಚಿತ್ರವಿತ್ತು. ಬುದ್ಧನಿಗೆ ಕೊಡಲು ಜೇತವನವನ್ನು ಕೊಳ್ಳುವ ಅನಾಥಪಿಂಡಕ, ತೋಟದ ನೆಲ ಮುಚ್ಚುವಷ್ಟು ನಾಣ್ಯ ಹಾಸಿಸುತ್ತಿರುವ ದುಂಡು ಫಲಕ. ನಾಣ್ಯ ತಂದ ಗಾಡಿಯ ಎತ್ತುಗಳು ನೊಗ ಬಿಚ್ಚಿಸಿಕೊಂಡು ಪಕ್ಕದಲ್ಲಿ ಕೂತಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲ್ಪಿ, ದಾನದ ಭರಾಟೆಯಲ್ಲಿ ಎತ್ತುಗಳಿಗೂ ದಣಿವಾಗಿರುತ್ತದೆ ಎಂದು ಯೋಚಿಸಿದ್ದನಲ್ಲ ಎಂದು ಆಗ ಬೆರಗಾಗಿತ್ತು. 1873ರಲ್ಲಿ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಮಧ್ಯ ಭಾರತದಲ್ಲಿ ಪತ್ತೆ ಹಚ್ಚಿದ ಆ ಕಲ್ಲುಗಳಲ್ಲಿ ಉಳಿದವನ್ನು ಕಲ್ಕತ್ತೆಗೆ ಸಾಗಿಸಿದರು. 1814ರಲ್ಲಿ ಶುರುವಾದ ಇಂಡಿಯನ್ ಮ್ಯೂಸಿಯಂನಲ್ಲಿ ಈಗ ಅದಕ್ಕೇ ಒಂದು ಕೋಣೆ. ಊರಿನವರು ಮ್ಯೂಸಿಯಂಗೆ ‘ಜಾದುಘರ್’ ಎನ್ನುತ್ತಾರೆ.

ಜಾದುಘರದ ಗೇಟಿಗೆ ಬೀಗ. ಕಾವಲುಗಾರ ನಮ್ಮ ಮುಖ ನೋಡಿ, ಕೇಳುವ ಮೊದಲೇ, "ಆಜ್ ಬಂಧೋ, ದಿದಿ" ಅಂದ.

ಸೋಮವಾರ ಮ್ಯೂಸಿಯಂಗಳಿಗೆ ರಜೆ ಎನ್ನುವುದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾಥುಲಾದ ಸೋಮವಾರಕ್ಕಾಗಿ ಇಡೀ ವೇಳಾಪಟ್ಟಿಯನ್ನೇ ಮಗುಚಿ ಹಾಕಿದವಳು ಈ ಸೋಮವಾರವನ್ನು ನೋಡಿರಲಿಲ್ಲ. ಯಾಕೆಂದರೆ ಅದು ಬಫರ್. ಬಫರ್ ದಿನದ ವಾರವನ್ನು ಯಾರು ನೋಡುತ್ತಾರೆ?

ಆಗ ಹತ್ತೂಕಾಲು. ಇದನ್ನು ನಾನು ಮತ್ತೆ ಮತ್ತೆ ಲೆಕ್ಕ ಹಾಕಿದ್ದೇನೆ. ಬೇಲೂರು ಮಠ ಬೆಳಿಗ್ಗೆ ತೆರೆದು ಹನ್ನೊಂದೂವರೆಗೆ ಮುಚ್ಚುತ್ತದೆ, ಮತ್ತೆ ನಾಲ್ಕಕ್ಕೆ ತೆರೆಯುತ್ತದೆ. ಅಲ್ಲೇ ಒಂದು ಟ್ಯಾಕ್ಸಿ ಹಿಡಿದಿದ್ದರೆ ಬಾಗಿಲು ಹಾಕುವ ಮೊದಲು ಕಾಲು ಗಂಟೆಯಾದರೂ ಸಿಗುತ್ತಿತ್ತು. ನಾನು ಫೋನು ತೆಗೆದು ಹಾಳೆ ನೋಡಿದೆ. ಮುಂದಿನ ಸಾಲು ವಿಕ್ಟೋರಿಯಾ. ಸರಿ, ವಿಕ್ಟೋರಿಯಾ.

ಮಕರಾನದ ಅಮೃತಶಿಲೆ, 1921ರಲ್ಲಿ ತೆರೆದದ್ದು, ತುದಿಯಲ್ಲಿ ಕಪ್ಪು ದೇವತೆ. ಒಳಗಿನ ಗ್ಯಾಲರಿಗೂ ಸೋಮವಾರ ರಜೆ. ತೋಟಕ್ಕೆ ಬಿಟ್ಟರು. ಬಿಸಿಲಿಗೆ ಬಿಳಿ ಕಲ್ಲು ಕಣ್ಣಿಗೆ ಚುಚ್ಚುತ್ತಿತ್ತು. ಮಗ "ಇದು ಯಾರ ಮನೆ?" ಎಂದು ಕೇಳಿದ. ಯಾರ ಮನೆಯೂ ಅಲ್ಲ, ಸತ್ತುಹೋದ ರಾಣಿಯ ನೆನಪಿಗೆ ಕಟ್ಟಿದ್ದು ಅಂದೆ. "ಅವಳು ಇಲ್ಲಿಗೆ ಬಂದಿದ್ಳಾ?" ಇಲ್ಲ, ಇಂಡಿಯಾಕ್ಕೇ ಬಂದಿರಲಿಲ್ಲ. "ಮತ್ಯಾಕೆ?" ಅಮ್ಮ ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೊಂದು ಸಲ. ನೀರಿನ ಬಾಟಲಿ ರೂಮಿನಲ್ಲೇ ಬಿಟ್ಟು ಬಂದದ್ದು ಯಾರ ತಪ್ಪು ಎಂದು ನಾನೂ ಇವರೂ ಮರದ ನೆರಳಿನಲ್ಲಿ ನಿಂತು ಹತ್ತು ನಿಮಿಷ ವಾದ ಮಾಡಿದೆವು. ಕನ್ನಡದಲ್ಲಿ ಜಗಳವಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ. ದನಿ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ ಅನ್ನುವುದು ಪಕ್ಕದ ಬೆಂಚಿನ ಜೋಡಿ ಎದ್ದು ಹೋದಾಗ ತಿಳಿಯಿತು.

ಮೆಟ್ರೊ ಮಗನದು. ದೇಶದ ಮೊದಲ ಮೆಟ್ರೊ ಓಡಿದ್ದು ಈ ಊರಲ್ಲೇ, 1984ರಲ್ಲಿ. 2024ರ ಮಾರ್ಚಿನಲ್ಲಿ ಎಸ್‌ಪ್ಲನೇಡಿನಿಂದ ಹೂಗ್ಲಿ ನದಿಯ (ಇಲ್ಲಿ ಹರಿಯುವ ಗಂಗೆಗೆ ಇದೇ ಹೆಸರು) ಅಡಿಯಲ್ಲಿ ಹಾವ್ಡಾಗೆ ಹೋಗುವ ಹೊಸ ದಾರಿ ತೆರೆಯಿತು. ಹತ್ತು ರೂಪಾಯಿ ಟಿಕೆಟು. ನದಿಯ ಕೆಳಗಿನ ಸುರಂಗ 520 ಮೀಟರ್, ದಾಟಲು ಮುಕ್ಕಾಲು ನಿಮಿಷ. ನದಿ ಎಲ್ಲಿ ಶುರುವಾಯಿತೆಂದು ಗೊತ್ತಾಗಲು ಸುರಂಗದ ಗೋಡೆಗೆ ನೀಲಿ ದೀಪ ಹಾಕಿದ್ದಾರೆ. ಬೋಗಿಯವರೆಲ್ಲ ಫೋನು ಎತ್ತಿ ಹಿಡಿದರು. ನನಗೆ ಕಂಡದ್ದು ಫೋನುಗಳ ಹಿಂಬದಿ. "ಈಗ ಗಂಗೆ ನಮ್ಮ ತಲೆ ಮೇಲಿದಾಳೆ ಅಜ್ಜಿ" ಎಂದ ಮಗ. ಅಮ್ಮ ಮೇಲೆ ನೋಡಿದಳು. ಅಲ್ಲಿ ಹಿಡಿದುಕೊಳ್ಳುವ ಬಳೆಗಳು ತೂಗುತ್ತಿದ್ದವು. ಒಂದು ಕೈ ಕಂಬಕ್ಕಿತ್ತು, ಇನ್ನೊಂದನ್ನು ಹಣೆಗೆ ಮುಟ್ಟಿಸಿಕೊಂಡಳು. ಅಷ್ಟರಲ್ಲಿ ನೀಲಿ ಮುಗಿಯಿತು.

ಹಾವ್ಡಾ ಸ್ಟೇಷನ್ ಎಷ್ಟು ಆಳದಲ್ಲಿದೆಯೆಂದರೆ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಮೇಲೆ ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಹೊರಗೆ ನಿಂತರೆ ಎದುರಿಗೇ ಸೇತುವೆ. 1943ರದ್ದು. ನಟ್ಟು ಬೋಲ್ಟು ಇಲ್ಲದೆ ಬರೀ ರಿವೆಟ್ ಹೊಡೆದು ಕೂಡಿಸಿದ 26,500 ಟನ್ ಉಕ್ಕು. ಅದರಲ್ಲಿ ಬಹುಪಾಲು ಟಾಟಾ ಕಾರ್ಖಾನೆಯದು. ಜಪಾನಿನ ವಿಮಾನಗಳ ಭಯದ ನಡುವೆ ಎದ್ದ ಈ ಸೇತುವೆಗೆ ಕಂಟಕವಾದದ್ದು ಪಾನಿನ ಉಗುಳು. ಕಂಬಗಳ ಬುಡದ ಉಕ್ಕಿನ ಕವಚ ಉಗುಳಿಗೆ ಸವೆದು ಆರು ಮಿಲಿಮೀಟರ್ ಇದ್ದದ್ದು ಕೆಲವೇ ವರ್ಷಗಳಲ್ಲಿ ಮೂರಕ್ಕಿಳಿದಿದೆ ಎಂದು 2011ರಲ್ಲಿ ಬಂದರು ಮಂಡಳಿಯವರೇ ಗಾಬರಿಯಾಗಿದ್ದರು. ಇದನ್ನು ಓದಿಕೊಂಡು ಹೋಗಿದ್ದೆ, ಸೇತುವೆಯ ಮೇಲೆ ನಿಂತು ಮಗನಿಗೆ ಹೇಳಬೇಕು ಅಂತ. ಸೇತುವೆಯ ಮೇಲೆ ನಿಲ್ಲಲಿಲ್ಲ. ಟೈಮ್ ಇರಲಿಲ್ಲ.

ಬೇಲೂರಿಗೆ ಬಸ್ಸು ಹತ್ತಿದೆವು. ಆರೇಳು ಕಿಲೋಮೀಟರು, ಅರ್ಧ ಗಂಟೆಗೂ ಮೇಲೆ. ಜಿ.ಟಿ. ರೋಡಿನಲ್ಲಿ ಲಾರಿ, ಟೋಟೊ ಎನ್ನುವ ಬ್ಯಾಟರಿ ರಿಕ್ಷಾ, ತಳ್ಳುಗಾಡಿ, ಮಧ್ಯದಲ್ಲಿ ಕಬ್ಬಿಣದ ಸರಳು ಹೊತ್ತ ಸೈಕಲ್ ವ್ಯಾನು. ಅಮ್ಮನಿಗೆ ಒಬ್ಬ ಹುಡುಗ ಎದ್ದು ಜಾಗ ಕೊಟ್ಟ. ಅವಳು ವ್ಯಾನಿಟಿ ಬ್ಯಾಗಿನಿಂದ ಬಾಚಣಿಗೆ ತೆಗೆದು, ಆ ಕುಲುಕಾಟದಲ್ಲೇ, ಮುಂದಲೆ ಬಾಚಿಕೊಂಡಳು. ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಆಗಲೇ ನನ್ನ ಗಮನಕ್ಕೆ ಬಂತು, ಅವಳು ಉಟ್ಟಿದ್ದು ಸಾಗರದಲ್ಲಿ ತಂಗಿಯ ಮಗನ ಮದುವೆಗೆ ತೆಗೆದುಕೊಂಡ ಹತ್ತಿ ಸೀರೆ. ಒಂಬತ್ತು ದಿನ ಸೂಟ್‌ಕೇಸಿನ ತಳದಲ್ಲಿ ಮಡಿಕೆ ಕೆಡದಂತೆ ಇಟ್ಟುಕೊಂಡಿದ್ದಳು.

ಇಳಿಯುವಾಗ ಕಂಡಕ್ಟರ್ ಬಸ್ಸಿನ ತಗಡು ಬಡಿದು "ಆಸ್ತೆ, ಲೇಡೀಸ್!" ಎಂದು ಕೂಗಿದ. ನಿಧಾನ, ಹೆಂಗಸರು ಇಳಿಯುತ್ತಿದ್ದಾರೆ ಅಂತ. ಆ ಊರಿನ ಬಸ್ಸುಗಳಲ್ಲಿ ದಿನವಿಡೀ ಕೇಳುವ ಕೂಗು ಅದು. ಬಸ್ಸು ಪೂರ್ತಿ ನಿಂತಿತು. ಅಷ್ಟು ಗಲಾಟೆಯ ಊರಿನಲ್ಲಿ ಅಮ್ಮನಿಗಾಗಿ ಎಲ್ಲವೂ ನಿಂತದ್ದು ಆ ಅರ್ಧ ನಿಮಿಷ.

ಒಂದಕ್ಕೆ ಹತ್ತು ನಿಮಿಷ ಇತ್ತು. ಗೇಟು ಹಾಕಿತ್ತು.

ಕಾವಲಿನವರು ಒಳ್ಳೆಯವರೇ. ನಾಲ್ಕು ಬೆರಳು ತೋರಿಸಿ "ಚಾರ್‌ಟೇ" ಅಂದರು. ಪಕ್ಕದ ನೆರಳಿನಲ್ಲಿ ನಮ್ಮ ಹಾಗೆ ತಡವಾಗಿ ಬಂದವರು ಹತ್ತಿಪ್ಪತ್ತು ಜನ ಕೂತಿದ್ದರು. ಒಂದು ದೊಡ್ಡ ಕುಟುಂಬ ಜಮಖಾನ ಹಾಸಿ, ಸ್ಟೀಲ್ ಡಬ್ಬಿ ಬಿಚ್ಚಿ, ನಾಲ್ಕು ಗಂಟೆ ಎನ್ನುವುದು ಇಲ್ಲೇ ಮುಂದಿನ ತಿರುವಿನಲ್ಲಿದೆ ಎನ್ನುವಷ್ಟು ನಿರಾಳವಾಗಿ ಊಟಕ್ಕೆ ಕೂತಿತ್ತು. ಅಮ್ಮ ಗೇಟಿನ ಹತ್ತಿರ ಹೋಗಿ ನಿಂತಳು. ಚಪ್ಪಲಿ ಬಿಟ್ಟಳು, ಬಿಸಿಲಿಗೆ ಕಾದ ನೆಲದ ಮೇಲೆ. ಒಳಗೆ ಮರಗಳು ಕಾಣುತ್ತಿದ್ದವು, ದೂರಕ್ಕೆ ಹೋಗುವ ದಾರಿ ಕಾಣುತ್ತಿತ್ತು. ದೇವಸ್ಥಾನವೂ ಮಸೀದಿಯೂ ಇಗರ್ಜಿಯೂ ಒಂದರೊಳಗೊಂದು ಬೆರೆತಂತಿರುವ ಆ ಗುಡಿ, 1938ರ ಸಂಕ್ರಾಂತಿಯ ದಿನ ಪ್ರತಿಷ್ಠೆಯಾದದ್ದು, ಅದು ಕಾಣಲಿಲ್ಲ. 1902ರ ಜುಲೈ 4ರ ರಾತ್ರಿ ವಿವೇಕಾನಂದರು ತೀರಿಕೊಂಡ ಕೋಣೆ ಹೊಳೆಯ ಕಡೆಗಿದೆ, ಅದೂ ಇಲ್ಲ. ಹೊಳೆಯೂ ಇಲ್ಲ.

"ನೀವು ಮೂವರೂ ಇಲ್ಲೇ ಇರಿ," ಎಂದರು ಇವರು. "ನಾನು ಹೋಗಿ ರೂಮು ಖಾಲಿ ಮಾಡಿ, ಲಗೇಜ್ ತಗೊಂಡು ಏರ್‌ಪೋರ್ಟಿಗೆ ಬರ್ತೀನಿ. ನೀವು ನಾಲ್ಕಕ್ಕೆ ನೋಡಿ ನೇರ ಅಲ್ಲಿಗೆ ಬನ್ನಿ."

ವಿಮಾನ ಏಳೂ ಹತ್ತಕ್ಕೆ. ನಾನು ಬೇಡ ಅಂದೆ. ನಾಲ್ಕು ಸೂಟ್‌ಕೇಸು ಒಬ್ಬರೇ ಹೇಗೆ ತರುತ್ತೀರಿ, ಟ್ರಾಫಿಕ್ ಹೇಗಿರುತ್ತದೋ, ಮಗ ಮೂರು ಗಂಟೆ ಈ ಬಿಸಿಲಲ್ಲಿ ಕೂರುತ್ತಾನಾ, ಫೋನಿನಲ್ಲಿ ಚಾರ್ಜೇ ಇಲ್ಲ. ಒಂದೊಂದೂ ಸರಿಯಾದ ಕಾರಣವೇ. ಬ್ಯಾಂಕಿನಲ್ಲಿ ಸಾಲ ತಿರಸ್ಕರಿಸುವಾಗಲೂ ನಾನು ಹೀಗೇ ಪಟ್ಟಿ ಮಾಡುತ್ತೇನೆ.

ಅಮ್ಮ ತಿರುಗಿ, "ಹೌದು ಹೌದು, ವಿಮಾನ ತಪ್ಪಿದ್ರೆ ಕಷ್ಟ. ಇಷ್ಟು ನೋಡಿದ್ದಾಯ್ತಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡಳು. ಅವಳು ಸಿಟ್ಟಾಗಿದ್ದರೆ, ಸಣ್ಣಗೆ ಒಂದು ಮಾತು ಅಂದಿದ್ದರೆ, ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಅಪ್ಪನ ಜೊತೆ ನಲವತ್ತು ವರ್ಷ ಬಾಳಿ ಕಲಿತ ವಿದ್ಯೆ ಅವಳದು, ಎದುರಿನವರ ಕೈಗೆ ಏನೂ ಸಿಗದ ಹಾಗೆ ಬಿಟ್ಟುಕೊಡುವುದು.

ವಾಪಸ್ ಹಾವ್ಡಾಗೆ ಬಂದು ಬಾಬೂಘಾಟಿನ ಕಡೆ ಹೋಗುವ ಫೆರಿ ಹತ್ತಿದೆವು. ಅದನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಮೆಟ್ರೊ ಬೇಡ ಎಂದು ಮಗನೇ ಹೇಳಿದ. ಲಾಂಚಿನಲ್ಲಿ ಕೂರಲು ಜಾಗವಿರಲಿಲ್ಲ, ಸೈಕಲ್ಲುಗಳ ನಡುವೆ ನಿಂತೆವು. ಗಂಗೆ ಕಂದು ಬಣ್ಣಕ್ಕಿದ್ದಳು, ಅಂತರಗಂಗೆಯ ಗುಪ್ಪೆಗಳು ತೇಲಿಹೋಗುತ್ತಿದ್ದವು. ತುಂಗೆಯನ್ನು ನೋಡಿ ಬೆಳೆದವರಿಗೆ ಹೊಳೆಯೆಂದರೆ ತಳದ ಕಲ್ಲು ಕಾಣಬೇಕು. ಇದು ಹೊಳೆಯಲ್ಲ, ನಡೆಯುತ್ತಿರುವ ಮಣ್ಣು. ಎಲ್ಲರೂ ಹೋಗುವ ದಿಕ್ಕಿಗೆ ಮುಖ ಮಾಡಿದ್ದರೆ ಅಮ್ಮ ಹಿಂದಕ್ಕೆ, ಸೇತುವೆಯ ಕಡೆ ತಿರುಗಿ ನಿಂತಿದ್ದಳು. ಬೇಲೂರು ಆ ಸೇತುವೆಯಾಚೆ, ಹೊಳೆ ಬರುವ ದಿಕ್ಕಿನಲ್ಲಿದೆ. ಅಷ್ಟು ದೂರಕ್ಕೆ ಏನೂ ಕಾಣುವುದಿಲ್ಲ. ಅವಳು ಏನು ನೋಡುತ್ತಿದ್ದಾಳೆಂದು ನಾನು ಕೇಳಲಿಲ್ಲ.

ದಡದಲ್ಲಿ ನಾಲ್ಕು ಮೆಟ್ಟಿಲಿಳಿದು, ಚೆಂಡುಹೂವಿನ ಹಾರ, ಪ್ಲಾಸ್ಟಿಕ್ ಕವರು ಪಕ್ಕಕ್ಕೆ ಸರಿಸಿ, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಂಡಳು. ನಮ್ಮ ಮೇಲೂ ನಾಲ್ಕು ಹನಿ. "ಕುಡೀಬೇಡ ಅಜ್ಜಿ" ಅಂದ ಮಗ. "ಕುಡಿಯೋಕೆ ನಮ್ದಿದೆಯಲ್ಲ" ಅಂದಳು.

ಊಟದ ಪಾಡು ಉದ್ದಕ್ಕೆ ಬರೆಯುವಂಥದ್ದಲ್ಲ. ಹೋದಲ್ಲೆಲ್ಲ ಸಾಸಿವೆಯೆಣ್ಣೆಯ ಘಾಟು, ಅಮ್ಮನಿಗೆ ಅದು ಆಗುವುದಿಲ್ಲ. ಕೊನೆಗೆ ರೂಮಿಗೆ ಮರಳಿ ಅವಳ ಚೀಲದ ಅವಲಕ್ಕಿ, ಚಟ್ನಿಪುಡಿಗೆ ಬೀದಿಯಂಗಡಿಯ ಮಿಷ್ಟಿ ದೋಯಿ ನೆಂಚಿಕೊಂಡು ತಿಂದೆವು. ಸಿಹಿ ಮೊಸರಿಗೆ ಚಟ್ನಿಪುಡಿ ಹೊಂದುವುದಿಲ್ಲ, ಪ್ರಯತ್ನಿಸಬೇಡಿ. ಮೊಸರಿನ ಮಣ್ಣಿನ ಕುಡಿಕೆಗಳನ್ನು ನಾನು ಬುಟ್ಟಿಗೆ ಹಾಕಲು ಹೋದರೆ ಅಮ್ಮ ತಡೆದಳು. "ಇಷ್ಟು ಚೆಂದದ್ದು ಎಸೆಯೋದಾ?" ನಾಲ್ಕನ್ನೂ ತೊಳೆದು, ಒರೆಸಿ, ಸ್ವೆಟರಿನೊಳಗೆ ಸುತ್ತಿಟ್ಟಳು.

ಐದಕ್ಕೆಲ್ಲ ದಮ್ ದಮ್ ವಿಮಾನ ನಿಲ್ದಾಣದಲ್ಲಿದ್ದೆವು. ಬೇಕಾದ್ದಕ್ಕಿಂತ ಎಷ್ಟೋ ಮೊದಲೇ. ಫೋನು ಚಾರ್ಜಿಗೆ ಹಾಕಿ ಮ್ಯಾಪು ನೋಡಿದೆ. ಬೇಲೂರಿನಿಂದ ಇಲ್ಲಿಗೆ, ಬಾಲಿಯ ಸೇತುವೆ ದಾಟಿಕೊಂಡು ಬಂದರೆ, ಊರೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಒಂದು ಗಂಟೆ ಸಾಕಿತ್ತು. ನಾಲ್ಕೂವರೆಗೆ ಹೊರಟಿದ್ದರೂ ಐದೂವರೆ. ಫೋನು ಮಗುಚಿಟ್ಟೆ.

ಆರರ ಸುಮಾರಿಗೆ ಗಾಜಿನಾಚೆ ಆಕಾಶ ಇದ್ದಕ್ಕಿದ್ದಂತೆ ಶಾಯಿ ಚೆಲ್ಲಿದ ಹಾಗಾಯಿತು. ಕಾಲಬೈಶಾಖಿ. ವೈಶಾಖದ ಸಂಜೆಗಳಲ್ಲಿ ಛೋಟಾನಾಗಪುರದ ಪ್ರಸ್ಥಭೂಮಿಯ ಕಡೆಯಿಂದ ಎದ್ದು ಬರುವ ಬಿರುಗಾಳಿ ಮಳೆ. ಕಾದು ಬೆಂದ ಇಡೀ ಊರು ಕಾಯುವುದು ಇದಕ್ಕೇ. ದೂಳಿನ ಗೋಡೆಯೊಂದು ರನ್‌ವೇ ಮೇಲೆ ಓಡಿ ಬಂತು, ಹಿಂದೆಯೇ ಮಳೆ. ದಿನವಿಡೀ ನಮ್ಮ ಬೆನ್ನಿಗೆ ಅಂಟಿಕೊಂಡಿದ್ದ ಸೆಕೆಯೆಲ್ಲ ಹೊರಗೆ ತೊಳೆದು ಹೋಗುತ್ತಿತ್ತು. ನಾವು ಒಳಗೆ, ಎ.ಸಿ.ಯಲ್ಲಿ, ಒಂದು ಹನಿಯೂ ತಾಗದೆ, ಮಣ್ಣಿನ ವಾಸನೆಯೂ ಬಾರದೆ, ಗಾಜಿಗೆ ಹಣೆ ಒತ್ತಿ ಅದನ್ನು ಟಿವಿಯಂತೆ ನೋಡಿದೆವು. ಫಲಕದಲ್ಲಿ ನಮ್ಮ ವಿಮಾನದ ಎದುರು ಕೆಂಪಕ್ಷರ ಬಂತು. ಒಂದೂವರೆ ಗಂಟೆ ತಡ.

ಆ ಒಂದೂವರೆ ಗಂಟೆ ನನಗೆ ಹಳೆಯದೊಂದು ನೆನಪಾಯಿತು. ಕೆಲವು ವರ್ಷದ ಹಿಂದೆ ಇವರ ಸಹೋದ್ಯೋಗಿಯೊಬ್ಬರ ಸಂಸಾರ ಉತ್ತರದ ಕಡೆಯಿಂದ ಬಂದು ಹಂಪಿ, ಕೊಡಗು ಎಲ್ಲ ಸುತ್ತಿ ಕೊನೆಯ ದಿನ ಬೆಂಗಳೂರಿನಲ್ಲಿತ್ತು. ರಾತ್ರಿ ಊಟಕ್ಕೆ ನಮ್ಮ ಮನೆಗೆ ಬಂದಾಗ ಆಕೆ ಸೋಫಾದಲ್ಲಿ ಕುಸಿದು ಕೂತು, "ನಿಮ್ಮ ಊರಲ್ಲಿ ಏನೂ ಇಲ್ಲ, ಬರೀ ಸಿಗ್ನಲ್ಲು" ಅಂದಿದ್ದರು. ಲಾಲ್‌ಬಾಗ್ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದರಂತೆ, ಪಾರ್ಕಿಂಗ್ ಸಿಗದೆ. ನನಗೆ ಎಷ್ಟು ಉರಿದಿತ್ತೆಂದರೆ, ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಇಪ್ಪತ್ತು ನಿಮಿಷ ಬೈದಿದ್ದೆ. ಬೆಳಗಿನ ಜಾವ ಗಾಂಧಿ ಬಜಾರಿನ ಹೂವಿನ ಸಾಲು ನೋಡಿದ್ದಾರಾ, ಮಾರ್ಚಿನಲ್ಲಿ ಟಬೂಬಿಯಾ ಬಿಟ್ಟದ್ದು ನೋಡಿದ್ದಾರಾ, ಅಂತ. ಈಗ ಕೋಲ್ಕತ್ತದ ಯಾರೋ ಒಬ್ಬಳು ತನ್ನ ಅಡುಗೆಮನೆಯಲ್ಲಿ ನನಗೂ ಹಾಗೇ ಬೈಯಬಹುದಾಗಿತ್ತು. ಬೈಸಿಕೊಳ್ಳುವಷ್ಟು ಕೂಡ ಯಾರ ಪರಿಚಯವೂ ಆಗಿರಲಿಲ್ಲ.

ಬೆಂಗಳೂರಿಗೆ ಇಳಿದಾಗ ಮಧ್ಯರಾತ್ರಿ ಹತ್ತಿರ. ಆಮೇಲೆ ಆಫೀಸು, ಶಾಲೆ. ಆ ಹಾಳೆಯನ್ನು ಅಳಿಸಿಲ್ಲ. ಹತ್ತನೇ ದಿನದ ನಾಲ್ಕು ಸಾಲಿನಲ್ಲಿ ಮೂರಕ್ಕೆ ನಾನೇ ಟಿಕ್ ಹಾಕಿದ್ದೆ, ಬೀಗ ಹಾಕಿದ್ದ ಮ್ಯೂಸಿಯಂಗೂ. ಯಾವಾಗ ಹಾಕಿದೆನೋ ನೆನಪಿಲ್ಲ.

ಗೌರಿಹಬ್ಬಕ್ಕೆ ತೀರ್ಥಹಳ್ಳಿಗೆ ಹೋಗಿದ್ದೆ. ಬಾಗಿನ ಕೊಡಲು ಬಂದ ಪಕ್ಕದ ಮನೆಯ ಸರೋಜಕ್ಕ ಜಗುಲಿಯಲ್ಲಿ ಕೂತಿದ್ದರು. ಕಿಟಕಿಯ ಮೇಲೆ ಸಾಲಾಗಿಟ್ಟಿದ್ದ ಮಣ್ಣಿನ ಕುಡಿಕೆಗಳನ್ನು ನೋಡಿ ಎಲ್ಲಿದ್ದು ಇದು ಅಂದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

"ಕಲ್ಕತ್ತದ್ದು. ಮೇ ತಿಂಗಳಲ್ಲಿ ಹೋಗಿದ್ವಲ್ಲ, ಮಗಳು ಕರ್ಕಂಡು ಹೋಗಿದ್ಲು. ಬೇಲೂರಿಗೂ ಹೋಗಿದ್ವಿ."

"ಬೇಲೂರಿಗೆ ಹೋಗೋಕೆ ಕಲ್ಕತ್ತಕ್ಕೆ ಎಂತಕ್ಕೆ ಹೋದ್ರಿ? ಹಾಸನದ ಬಸ್ಸು ಹತ್ತಿದ್ರೆ ಆಗ್ತಿರ್ಲಿಲ್ವಾ?"

"ಆ ಬೇಲೂರಲ್ಲ ಸರೋಜ. ವಿವೇಕಾನಂದರ ಬೇಲೂರು. ಅಪ್ಪಯ್ಯ ಓದ್ತಿದ್ರಲ್ಲ, ಅದು."

"ಓ! ಹೆಂಗಿದೆ?"

ನಾನು ಸೋಸುವುದು ನಿಲ್ಲಿಸಿದೆ.

"ತುಂಬ ಮರ ಇದಾವೆ," ಅಂದಳು ಅಮ್ಮ.